ವೋಲ್ಟೇಜ್ ಇಳಿದರೆ ಆಂಪಿಯರ್ ಏರುವುದೇಕೆ?

ಉಕ್ಕಡಗಾತ್ರಿಯ ಹತ್ತನೇ ತರಗತಿ ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ಶಾಲೆಯಲ್ಲಿ ನೈಕ್ರೋಮ್ ತಂತಿಗೆ ವೋಲ್ಟೇಜ್ ಹೆಚ್ಚಿಸುತ್ತ ಹೋದಂತೆ ಕರೆಂಟೂ ಅದೇ ಪ್ರಮಾಣದಲ್ಲಿ ಹೆಚ್ಚಿ, ನಕ್ಷೆಯಲ್ಲಿ ನೇರ ಗೆರೆ ಬಂತಂತೆ. ಹೊಳೆದಂಡೆಯ ಪಂಪ್‌ಸೆಟ್ಟಿನ ಬೋರ್ಡಿನಲ್ಲಿ ಮಾತ್ರ ವೋಲ್ಟೇಜ್ ಬಿದ್ದಾಗಲೇ ಆಂಪಿಯರ್ ಮುಳ್ಳು ಮೇಲೇರುತ್ತದೆ. ಹಾಗಾದರೆ ಆ ನೇರ ಗೆರೆ ಹೇಳುವ ಓಮ್‌ನ ನಿಯಮ ಹೊಲದಲ್ಲಿ ನಡೆಯುವುದಿಲ್ಲವೇ?

ಆ ನೇರ ಗೆರೆ ಸುಲಭವಾಗಿ ಸಿಕ್ಕಿದ್ದಲ್ಲ. ಜರ್ಮನಿಯ ಕೊಲೋನ್‌ನಲ್ಲಿ ಮೇಷ್ಟ್ರಾಗಿದ್ದ ಗೇಯಾರ್ಗ್ ಓಮ್, ಬೀಗ ಮಾಡುವವರ ಮಗ. ಅಂದಿನ ಬ್ಯಾಟರಿಗಳ ವೋಲ್ಟೇಜ್ ಅಳೆಯುತ್ತಿರುವಾಗಲೇ ಕುಸಿಯುತ್ತಿತ್ತು. ಅಳತೆಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. 1826ರಲ್ಲಿ ಅವನು ಬ್ಯಾಟರಿಯನ್ನೇ ಬಿಟ್ಟ. ತಾಮ್ರ, ಬಿಸ್ಮತ್‌ಗಳನ್ನು ಬೆಸೆದು ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟ. ನೀರು ಕುದಿಯುವಷ್ಟು ಹೊತ್ತೂ, ಮಂಜು ಕರಗುವಷ್ಟು ಹೊತ್ತೂ ಬಿಸಿಯ ಅಂತರ ಕದಲದು, ಅದರಿಂದ ಹುಟ್ಟುವ ವೋಲ್ಟೇಜೂ ಕದಲದು. ಎಂಥ ಸರಳ ಉಪಾಯ! ಬೇರೆ ಬೇರೆ ಉದ್ದದ ತಂತಿ ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯ ತಿರುವಿನಿಂದ ಕರೆಂಟನ್ನು ಅಳೆದ. 1827ರಲ್ಲಿ ಈ ನಿಯಮವನ್ನು ವಿವರಿಸುವ ಅವನ ಪುಸ್ತಕ ಬಂತು. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ.

ತಂತಿಯ ಬಿಸಿ ಬದಲಾಗದಿದ್ದರೆ ಮಾತ್ರ ಗೆರೆ ನೇರ. ಹಳೆಯ 100 ವ್ಯಾಟ್ ಬಲ್ಬನ್ನೇ ನೋಡಿ: 230 ವೋಲ್ಟ್‌ನಲ್ಲಿ ಉರಿಯುವಾಗ ಅದರ ರೋಧ 529 ಓಮ್, ತಣ್ಣಗಿರುವಾಗ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಅದರ ಗೆರೆ ಬಾಗುತ್ತದೆ.

ಮೋಟರಿನ ಕಥೆಯೇ ಬೇರೆ. ತಿರುಗುವ ಮೋಟರು ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆದಿರುತ್ತದೆ. ಚಾಲೂ ಮಾಡಿದ ಗಳಿಗೆಯಲ್ಲಿ ಆ ತಡೆ ಇರದು; ಮುಳ್ಳು ಒಮ್ಮೆ ಜಿಗಿದು ಇಳಿಯುವುದು ಅದಕ್ಕೇ. ಲೈನಿನ ವೋಲ್ಟೇಜ್ ಬಿದ್ದರೂ ನೀರೆತ್ತುವ ಹೊರೆ ಹೆಚ್ಚುಕಡಿಮೆ ಅಷ್ಟೇ. ಆಗ ಮೋಟರಿನ ವೇಗ ತುಸು ತಗ್ಗಿ, ವೋಲ್ಟೇಜಿನ ಕೊರತೆಯನ್ನು ಕರೆಂಟಿನಿಂದ ತುಂಬಿಕೊಳ್ಳುತ್ತದೆ. 415 ವೋಲ್ಟ್‌ಗೆ 8 ಆಂಪಿಯರ್ ಎಳೆಯುವ ಮೋಟರು ಅದೇ ಹೊರೆಗೆ 350 ವೋಲ್ಟ್‌ನಲ್ಲಿ ಸುಮಾರು ಒಂಬತ್ತೂವರೆ ಎಳೆಯುತ್ತದೆ. ಮೋಟರಿನೊಳಗೆ ಸುತ್ತಿದ ತಂತಿಯಲ್ಲಿ, ಅಂದರೆ ವೈಂಡಿಂಗಿನಲ್ಲಿ, ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಏರುವುದರಿಂದ ಅದು ಶೇಕಡಾ 40ರಷ್ಟು ಹೆಚ್ಚುತ್ತದೆ. ವೈಂಡಿಂಗಿನ ತಾಮ್ರ ಆಗಲೂ ಓಮ್‌ನ ಮಾತನ್ನು ಮೀರಿಲ್ಲ.

ಹುಡುಗ ಒಂದು ವಾರ ಬೋರ್ಡಿನ ಎರಡೂ ಮೀಟರ್ ಓದಿ ನಕ್ಷೆ ಬರೆಯಲಿ. ಕೆಳಗಿಳಿಯುವ ಗೆರೆ ಅವನಿಗೇ ಕಾಣುತ್ತದೆ. ವೈರು, ಫ್ಯೂಸು ಮುಟ್ಟುವುದು ಬೇಡ. ಮೋಟರಿನ ಪ್ಲೇಟಿನ ಮೇಲೆ ಬರೆದ ಆಂಪಿಯರನ್ನು ಮುಳ್ಳು ದಾಟಿ ನಿಂತರೆ, ಮೋಟರು ನಿಲ್ಲಿಸುವಂತೆ ಅಪ್ಪನಿಗೆ ಹೇಳಲಿ.