ಹಳೆಯ ಸೇನಾ ಕೋಟು ಅಸಲಿಯೋ, ನಕಲಿಯೋ?

ಪ್ರಶ್ನೆ: ಸಂಗ್ರಹಕ್ಕೆ ನಾನು ಹೊಸಬ. ಎರಡನೇ ಮಹಾಯುದ್ಧದ ಬ್ರಿಟಿಷ್ ಸೈನಿಕರ ಸಮವಸ್ತ್ರ ಅಸಲಿಯೆಂದು ತಿಳಿಯುವುದು ಹೇಗೆ?

ಉತ್ತರ: ಮೊದಲು ಕೋಟನ್ನು ಒಳಮಗ್ಗುಲು ಹೊರಬರುವಂತೆ ತಿರುವಿ. ಬಟ್ಟೆಯ ಚೀಟಿಯಲ್ಲಿ ಅಳತೆ, ತಯಾರಕರ ಹೆಸರು, ಇಸವಿ ಇರುತ್ತವೆ. ಸರ್ಕಾರಿ ಸ್ವತ್ತೆಂಬುದಕ್ಕೆ ಬಾಣದ ಮುದ್ರೆ ಇರುತ್ತದೆ. ಆದರೆ ಚೀಟಿ, ಮುದ್ರೆ ಎರಡನ್ನೂ ಇಂದು ಅಚ್ಚು ಹಾಕಿಸಬಹುದು. ಆದ್ದರಿಂದ ಹೊಲಿಗೆ ನೋಡಿ. ಪಾಲಿಯೆಸ್ಟರ್ ದಾರ ಉಡುಪುಗಳಿಗೆ ಬಂದದ್ದು ಯುದ್ಧ ಮುಗಿದ ಮೇಲೆ. ಅದನ್ನು ಗುರುತಿಸಲು ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಿಡಿದಾಗ ದಾರ ನೀಲಿಬಿಳಿಯಾಗಿ ಹೊಳೆದರೆ ಸಂಶಯಪಡಿ. ಆದರೆ ಈಗಿನ ಸೋಪಿನ ಪುಡಿಯಲ್ಲಿ ಒಗೆದ ಅಸಲಿ ಬಟ್ಟೆಯೂ ಹಾಗೆ ಹೊಳೆಯಬಹುದು. ಹಾಗಾಗಿ ಒಂದೇ ಪರೀಕ್ಷೆ ಸಾಲದು; ಸವೆತವನ್ನೂ ನೋಡಿ. ಸೈನಿಕ ತೊಟ್ಟ ಕೋಟು ಕಾಲರ್, ತೋಳಿನಂಚುಗಳಲ್ಲಿ ಸವೆದಿರುತ್ತದೆ. ಎಲ್ಲೆಡೆ ಒಂದೇ ಸಮನೆ ಮಾಸಿದ್ದರೆ ಅದು ಬೇಕೆಂದೇ ಹಳತು ಮಾಡಿದ್ದಿರಬಹುದು. ಕೊಳ್ಳುವ ಮುನ್ನ ಸಂಗ್ರಹಾಲಯದಲ್ಲಿರುವ ಅಸಲಿಯನ್ನೊಮ್ಮೆ ಕಣ್ಣಾರೆ ನೋಡಿ ಬನ್ನಿ.