ಕಂಪ್ಯೂಟರಿನ ತೆರೆಯನ್ನು ಕಾಯುವ ಉಪಾಯ

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋದವರು ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬವನ್ನು ನೋಡದೆ ಹಿಂದಿರುಗಲಾರರು. ಕದಂಬರ ಚರಿತ್ರೆಯನ್ನು ಹೇಳುವ ಅದರ ಅಕ್ಷರಗಳು ಸುಮಾರು 1,500 ವರ್ಷಗಳಿಂದ ಉಳಿದುಬಂದಿರುವುವು. ನೆರೆಯ ಸೊರಬದ ಸೀಮೆಯಲ್ಲಿಯೂ ಶಿಲಾಶಾಸನಗಳು ಹೇರಳವಾಗಿವೆ. ಕಲ್ಲಿನ ಬರಹವನ್ನು ಉಳಿಯಲೆಂದೇ ಕೊರೆದರು. ಆದರೆ ಉಳಿಯಬಾರದ ಬರಹವೂ ಗಾಜಿನ ಮೇಲೆ ಅಚ್ಚೊತ್ತಿ ನಿಲ್ಲುತ್ತಿದ್ದ ಕಾಲವೊಂದಿತ್ತೆಂದರೆ ವಾಚಕರಿಗೆ ಸೋಜಿಗವಾದೀತು. ಅದನ್ನು ತಡೆಯಲು ಹುಟ್ಟಿದ ಸ್ಕ್ರೀನ್ ಸೇವರ್ ಎಂಬ ಉಪಾಯವನ್ನು ಇಲ್ಲಿ ವಿವರಿಸುವೆವು.

ಮೊದಮೊದಲ ಮನೆಬಳಕೆಯ ಕಂಪ್ಯೂಟರುಗಳ ತೆರೆಯು ಹಳೆಯ ಟೆಲಿವಿಷನ್ನಿನಂತೆ ದಪ್ಪ ಗಾಜಿನ ಬುರುಡೆಯಾಗಿತ್ತು. ಗಾಜಿನ ಒಳಮೈಗೆ ಫಾಸ್ಫರ್ ಎಂಬ ಹೊಳೆಯುವ ಪುಡಿಯನ್ನು ಲೇಪಿಸಿರುತ್ತಿದ್ದರು. ಹಿಂದಿನಿಂದ ಬಂದ ಎಲೆಕ್ಟ್ರಾನುಗಳ ಧಾರೆಯು ತಾಕಿದೆಡೆಯಲ್ಲಿ ಪುಡಿಯು ಬೆಳಗಿ ಅಕ್ಷರವು ಮೂಡುತ್ತಿತ್ತು. ಒಂದೇ ಬರಹವು ಒಂದೇ ಸ್ಥಳದಲ್ಲಿ ತಿಂಗಳುಗಟ್ಟಲೆ ಬೆಳಗಿದರೆ ಅಲ್ಲಿಯ ಪುಡಿಯ ಕಾಂತಿಯು ಮಿಕ್ಕೆಡೆಗಿಂತ ಬೇಗ ಕುಂದಿ, ಯಂತ್ರವನ್ನು ನಿಲ್ಲಿಸಿದ ಮೇಲೂ ಅದರ ನೆರಳು ಗಾಜಿನ ಮೇಲೆ ಕಾಣುತ್ತಿತ್ತು.

1983ನೆಯ ಡಿಸೆಂಬರಿನಲ್ಲಿ ಜಾನ್ ಸೋಚಾ ಎಂಬವರು ಅಮೆರಿಕದ ಸಾಫ್ಟ್‌ಟಾಕ್ ಪತ್ರಿಕೆಯಲ್ಲಿ ಐಬಿಎಂ ಕಂಪ್ಯೂಟರಿಗಾಗಿ ಒಂದು ಚಿಕ್ಕ ಪ್ರೋಗ್ರಾಮನ್ನು ಪ್ರಕಟಿಸಿದರು. 3 ನಿಮಿಷ ಕೆಲಸವಿಲ್ಲದಿದ್ದರೆ ಅದು ತೆರೆಯನ್ನು ಕಪ್ಪಾಗಿಸುತ್ತಿತ್ತು. ಇಂಥವುಗಳ ಕ್ರಮವು ಬಹು ಸರಳವಾದುದು. ಆ ಯಂತ್ರದ ಒಳಗಡಿಯಾರವು ಸೆಕೆಂಡಿಗೆ ಸುಮಾರು 18 ಸಲ ಮಿಡಿಯುವುದು. ಪ್ರೋಗ್ರಾಮು ಮರೆಯಲ್ಲಿದ್ದು ಮಿಡಿತಗಳನ್ನು ಎಣಿಸುತ್ತಿರುವುದು. ಯಾರಾದರೂ ಕೀಲಿ ಒತ್ತಿದೊಡನೆ ಸೊನ್ನೆಯಿಂದ ಮತ್ತೆ ಎಣಿಸತೊಡಗುವುದು. ಎಣಿಕೆಯು ಸುಮಾರು 3,276ಕ್ಕೆ ಮುಟ್ಟಿತೆಂದರೆ 3 ನಿಮಿಷಗಳು ಸಂದವೆಂದು ತಿಳಿದು ತೆರೆಯನ್ನು ಮರೆಮಾಡುವುದು. ಮುಂದೆ ಕತ್ತಲೆಯ ಬದಲು ಚಲಿಸುವ ಚಿತ್ರಗಳು ಬಂದುವು. 1992ರ ವಿಂಡೋಸ್ 3.1ರಲ್ಲಿ ನಕ್ಷತ್ರಗಳು ಎದುರಿಗೆ ಹಾರಿಬರುತ್ತಿದ್ದುವು. ಯಾವ ಬೆಳಕೂ ಒಂದೆಡೆ ನಿಲ್ಲದಿರುವುದೇ ಅವುಗಳ ಗುಟ್ಟು.

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಶಿಕಾರಿಪುರ, ಸೊರಬಗಳೂ ಸೇರಿದಂತೆ ರಾಜ್ಯದ ತಾಲ್ಲೂಕು ಕಛೇರಿಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿಯು ದೊರೆಯತೊಡಗಿತು. ತಲೆಮಾರುಗಳಿಂದ ಕಾಗದವನ್ನೇ ನಂಬಿದ ರೈತನ ಎದುರಿಗೆ ಇಂಥ ತೆರೆಯು ಥಟ್ಟನೆ ಕಪ್ಪಾದರೆ, ಗದ್ದೆಯ ದಾಖಲೆಯೇ ಅಳಿಯಿತೇನೋ ಎಂದು ಎದೆ ನಡುಗುವುದು ಸಹಜವೇ. ಆದರೆ ಹೆದರಬೇಕಾದುದಿಲ್ಲ. ಮರೆಯಾದುದು ನೋಟ ಮಾತ್ರ. ದಾಖಲೆಯು ಒಳಗಿನ ಡಿಸ್ಕಿನಲ್ಲಿ ಸುರಕ್ಷಿತವಾಗಿರುವುದು. ಒಂದು ಕೀಲಿ ಒತ್ತಿದರೆ ತೆರೆಯು ಮತ್ತೆ ಬೆಳಗುವುದು.

ನಿಜವಾದ ಅಪಾಯವು ಬೇರೆಡೆ ಇರುವುದು. ಆಗತಾನೆ ಟೈಪು ಮಾಡಿ ಡಿಸ್ಕಿಗೆ ಸೇರಿಸದ ಬರಹವು ವಿದ್ಯುತ್ತನ್ನೇ ನಂಬಿದ ಮೆಮೊರಿಯಲ್ಲಿ ಮಾತ್ರ ಇರುವುದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಅದು ಉಳಿಯದು. ಯಾವ ಸ್ಕ್ರೀನ್ ಸೇವರೂ ಅದನ್ನು ಕಾಯಲಾರದು. ಅದು ಗಾಜಿನ ಕಾವಲುಗಾರನೇ ಹೊರತು ಬರಹದ ಕಾವಲುಗಾರನಲ್ಲ.

ಇಂದಿನ ಚಪ್ಪಟೆ ಎಲ್‌ಸಿಡಿ ತೆರೆಗಳಿಗೆ ಈ ಕಾವಲು ಅಷ್ಟಾಗಿ ಬೇಡ. ಬಳಸದಿರುವಾಗ ತೆರೆಯನ್ನು ಆರಿಸುವುದೇ ಮಿತವ್ಯಯ. ಬರಹವನ್ನು ಉಳಿಸುವ ಹೊಣೆಯಾದರೋ ಇಂದಿಗೂ ಬರೆಯುವವರದೇ. ಆದುದರಿಂದ ಮಕ್ಕಳು ಕಂಪ್ಯೂಟರಿನ ಮುಂದಿನಿಂದ ಏಳುವಾಗ, ಬರೆದುದನ್ನು ಮೊದಲು ಡಿಸ್ಕಿಗೆ ಸೇರಿಸಿ ಏಳುವ ವಾಡಿಕೆಯನ್ನು ಹಿರಿಯರು ಕಲಿಸುವುದು ಲೇಸು.