ಕುಷ್ಟಗಿಯಲ್ಲಿ ಆಳೆತ್ತರ, ಯಲಬುರ್ಗಾದಲ್ಲಿ ಮೊಣಕಾಲೆತ್ತರ

ಯಲಬುರ್ಗಾದ ಎರೆ ಹೊಲದಲ್ಲಿ ಮಳೆ ನಂಬಿ ಬೆಳೆದ ಬ್ಯಾಡಗಿ ಮೆಣಸಿನ ಗಿಡ ದೀಪಾವಳಿ ಹೊತ್ತಿಗೆ ಮೊಣಕಾಲು ದಾಟಿದರೆ ದೊಡ್ಡ ಮಾತು. ಅಲ್ಲಿಂದ ಬಸ್ ಹತ್ತಿ ಕುಷ್ಟಗಿ ಕಡೆ ಹೋಗಿ ಯಾವುದಾದರೊಂದು ನೆರಳುಪರದೆಯೊಳಗೆ ಹೊಕ್ಕರೆ, ಅದೇ ಕುಲದ ಗಿಡ ದಾರದ ಆಸರೆ ಹಿಡಿದು ಆಳೆತ್ತರ ನಿಂತಿರುತ್ತದೆ. ಗಂಗಾವತಿಯ ಕಾಲುವೆ ಕೆಳಗೆ ಇಳಿದರೆ ಭತ್ತವೇ ಭತ್ತ, ಮೆಣಸಿನ ಗಿಡವನ್ನು ಹುಡುಕಿ ನೋಡಬೇಕು. ಒಂದೇ ಕೊಪ್ಪಳ ಜಿಲ್ಲೆ, ಒಂದೇ ಬಿಸಿಲು. ಗಿಡದ ಗಾತ್ರ ಮಾತ್ರ ತಾಲ್ಲೂಕಿಗೊಂದು.

ಮೆಣಸಿನ ಗಿಡ ಬೆಳೆಯುವ ರೀತಿ ತಿಳಿಯಬೇಕೆಂದರೆ ಅದರ ಎತ್ತರವನ್ನಲ್ಲ, ಕವಲನ್ನು ನೋಡಬೇಕು. ಅಗಿ ಹಚ್ಚಿದ ಮೇಲೆ ಮೊದಮೊದಲು ಇರುವುದು ಒಂದೇ ಕಾಂಡ. ಎಂಟೋ ಹತ್ತೋ ಎಲೆ, ಕೆಲವು ತಳಿಗಳಲ್ಲಿ ಇನ್ನೂ ಎರಡು ಮೂರು ಹೆಚ್ಚು ಬಂದ ಮೇಲೆ ತುದಿಯಲ್ಲಿ ಒಂದು ಮೊಗ್ಗು ಕಾಣಿಸುತ್ತದೆ. ಅಲ್ಲಿಗೆ ಆ ಕಾಂಡದ ಓಟ ಮುಗಿಯಿತು. ಮೊಗ್ಗಿನ ಬುಡದಿಂದ ಎರಡು ರೆಂಬೆ ಹೊರಡುತ್ತವೆ. ಒಂದೊಂದು ರೆಂಬೆಯೂ ಒಂದೆರಡು ಎಲೆ ಬಿಟ್ಟು, ತುದಿಯಲ್ಲಿ ಹೂವಾಗಿ, ಮತ್ತೆ ಎರಡಾಗುತ್ತದೆ. ಲೆಕ್ಕದಲ್ಲಿ 2, 4, 8, 16, 32. ಹೊಲದಲ್ಲಿ ಈ ಮಗ್ಗಿ ಪೂರ್ತಿ ನಡೆಯುವುದಿಲ್ಲ. ನಾಲ್ಕೈದು ಕವಲಾಗುವಷ್ಟರಲ್ಲಿ ಜೋಡಿ ರೆಂಬೆಗಳಲ್ಲಿ ಒಂದು ಬಲಿತು ಇನ್ನೊಂದು ಸೊರಗುತ್ತದೆ, ನೆರಳಿಗೆ ಸಿಕ್ಕ ಒಳರೆಂಬೆ ಇದ್ದಲ್ಲೇ ನಿಲ್ಲುತ್ತದೆ. ಆದರೂ ಒಂದು ಸಂಗತಿ ಖಾತ್ರಿ: ಕವಲಿದ್ದಲ್ಲಿ ಹೂವು, ಹೂವಿದ್ದಲ್ಲಿ ಕಾಯಿ. ಕವಲೊಡೆಯದೆ ಮೇಲಕ್ಕೆ ಹೋದ ಗಿಡದಿಂದ ಒಡೆಯನಿಗೆ ಸಿಗುವುದು ಕಟ್ಟಿಗೆ.

ಇನ್ನು ವೇಗದ ಮಾತು. ಬೆಚ್ಚಗಿನ ಮಣ್ಣಿನಲ್ಲಿ ಬೀಜ ಮೊಳೆಯಲು 7ರಿಂದ 10 ದಿನ. ಈಗ ಬಹುತೇಕ ರೈತರು ನರ್ಸರಿಯಿಂದ ತರುವುದು 98 ಕುಳಿಯ ಟ್ರೇಯಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ 35-40 ದಿನದ ಸಸಿ. ಹಚ್ಚಿದ ಮೇಲೆ ಮೂರು ನಾಲ್ಕು ವಾರ ಗಿಡ ಬೆಳೆದಂತೆಯೇ ಕಾಣುವುದಿಲ್ಲ, ಆ ಹೊತ್ತಿನಲ್ಲಿ ಕೆಲಸವೆಲ್ಲ ಬೇರಿನದು. ರೈತನ ತಾಳ್ಮೆ ಕೆಡುವುದೂ ಇಲ್ಲೇ. ಪಕ್ಕದ ಹೊಲದವನ ಗಿಡ ಒಂದು ಗೇಣು ಮುಂದಿದೆ ಎಂದು ಯೂರಿಯಾ ಚೀಲ ಬಿಚ್ಚುತ್ತಾನೆ. ಗಿಡ ಸೊಕ್ಕುತ್ತದೆ: ಎಲೆ ಅಗಲ, ಬಣ್ಣ ಕಡುಹಸಿರು, ಕಾಂಡ ಮೆತ್ತಗೆ, ಹೂವು ತಡ. ರಸ ಹೀರುವ ಕೀಟಕ್ಕೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ. ಅಷ್ಟರ ಮೇಲೆ ಔಷಧದ ಅಂಗಡಿಯ ಲೆಕ್ಕ ಬೇರೆ ಶುರುವಾಗುತ್ತದೆ.

ಹಚ್ಚಿದ ಸುಮಾರು 40 ದಿನಕ್ಕೆ ಹೂವು. ಹೂವು ಕಾಯಾಗಿ ಪೂರ್ತಿ ಉದ್ದ ಬರಲು ಒಂದು ತಿಂಗಳು, ಕೆಂಪೇರಲು ಇನ್ನೂ ಮೂರು ವಾರ. ಈ ಅವಧಿಯನ್ನು ಗಿಡ್ಡ ಮಾಡುವುದು ಸುಲಭವಲ್ಲ. ನಾಸಾದವರು 2021ರ ಜುಲೈನಲ್ಲಿ ಅಂತರಿಕ್ಷ ನಿಲ್ದಾಣದಲ್ಲಿ ಮೆಣಸಿನ ಬೀಜ ಮೊಳೆಯಿಸಿದರು. ಬೆಳಕು, ನೀರು, ಗೊಬ್ಬರ ಎಲ್ಲವೂ ಅಳೆದು ಕೊಟ್ಟದ್ದು. ಆದರೂ ಮೊದಲ ಕಾಯಿ ಕಿತ್ತದ್ದು ಅಕ್ಟೋಬರ್ ಕೊನೆಗೆ. ನಮ್ಮ ಹೊಲದ ಲೆಕ್ಕವೂ ಹೆಚ್ಚು ಕಡಿಮೆ ಅಷ್ಟೇ.

ಯಲಬುರ್ಗಾ ಮತ್ತು ಈಗ ಬೇರೆ ತಾಲ್ಲೂಕಾಗಿರುವ ಕುಕನೂರಿನ ಎರೆ ಸೀಮೆ ಗದಗ ಜಿಲ್ಲೆಯ ಮಗ್ಗುಲಿಗೇ ಇದೆ, ಬೇಸಾಯವೂ ಆ ಕಡೆಯದೇ. ಮುಂಗಾರಿನಲ್ಲಿ ಉಳ್ಳಾಗಡ್ಡಿ, ಹತ್ತಿಯ ಜೊತೆ ಮೆಣಸಿನಕಾಯಿ. ಜಿಲ್ಲೆಗೆ ಬೀಳುವ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಮಳೆ ನಿಂತ ಮೇಲೆ ಗಿಡ ಬದುಕುವುದು ಎರೆ ಹಿಡಿದಿಟ್ಟುಕೊಂಡ ಹಸಿಯ ಮೇಲೆ. ಅಂಥ ನೆಲದಲ್ಲಿ ಗಿಡ ಗಿಡ್ಡವಾಗಿರುವುದು ಕೊರತೆಯೇನಲ್ಲ. ಎಲೆ ಹೆಚ್ಚಿದಷ್ಟೂ ನೀರು ಆರುತ್ತದೆ, ಇದ್ದ ಹಸಿ ಬೇಗ ಮುಗಿಯುತ್ತದೆ. ಸಾಲು ಅಗಲ ಬಿಟ್ಟು, ಎಡೆ ಹೊಡೆದು, ಬಿರುಕು ಮುಚ್ಚಿಸಿ ಹಸಿ ಕಾಯುವುದೇ ಅಲ್ಲಿನ ಜಾಣತನ. ಎಕರೆಗೆ ಎರಡು ಮೂರು ಕ್ವಿಂಟಲ್ ಒಣಗಾಯಿ ಬಂದರೆ ಬಂತು. ನೀರಾವರಿಯ ಹೈಬ್ರಿಡ್ ಅದರ ಐದಾರು ಪಟ್ಟು ಕೊಡುತ್ತದೆ ನಿಜ. ಆದರೆ 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದದ್ದು ಬ್ಯಾಡಗಿಯ ಈ ಸುಕ್ಕುಗಾಯಿಯೇ. ಬ್ಯಾಡಗಿ ಪೇಟೆಯಲ್ಲಿ ಖರೀದಿದಾರ ಚೀಲಕ್ಕೆ ಕೈ ಹಾಕಿ ನೋಡುವುದು ಬಣ್ಣವನ್ನು, ಸುಕ್ಕನ್ನು. ಗಿಡ ಎಷ್ಟೆತ್ತರ ಇತ್ತೆಂದು ಯಾರೂ ಕೇಳುವುದಿಲ್ಲ.

ಕುಷ್ಟಗಿಯ ಕಥೆಯೇ ಬೇರೆ. ಆ ಸೀಮೆಯ 'ನೆಟ್' ಎನ್ನುವ ನೆರಳುಪರದೆಗಳಲ್ಲಿ ಬೆಳೆಯುವುದು ಕಾಯಿಗಾಗಿ ಅಲ್ಲ, ಬೀಜಕ್ಕಾಗಿ. ತರಕಾರಿ ಹೈಬ್ರಿಡ್ ಬೀಜ ತಯಾರಿ ಈ ಭಾಗದ ಎಷ್ಟೋ ಮಸಾರಿ ಹೊಲಗಳ ಹಣೆಬರಹ ಬದಲಿಸಿದೆ. ನೆಟ್‌ನೊಳಗೆ ಗಾಳಿ ಕಡಿಮೆ, ಬಿಸಿಲು ಮೆತ್ತಗೆ, ಹನಿ ನೀರು ನಿತ್ಯ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಹಿಗ್ಗುತ್ತದೆ, ಗಿಡ ಉದ್ದವಾಗುತ್ತದೆ. ಹಾಲೆಂಡಿನವರು ಗಾಜಿನಮನೆಯಲ್ಲಿ ದೊಣ್ಣೆಮೆಣಸಿನ ಗಿಡಕ್ಕೆ ಎರಡೇ ಕಾಂಡ ಉಳಿಸಿ, ಹತ್ತು ಹನ್ನೊಂದು ತಿಂಗಳು ದಾರಕ್ಕೆ ಹತ್ತಿಸಿ ಮೂರು ಮೀಟರ್ ಮೇಲಕ್ಕೆ ಒಯ್ಯುವುದೂ ಇದೇ ಉಪಾಯದಿಂದ.

ನೆಟ್‌ನಲ್ಲಿ ನಡೆಯುವ 'ಕ್ರಾಸಿಂಗ್' ಕೆಲಸವನ್ನು ಹತ್ತಿರದಿಂದ ನೋಡಬೇಕು. ನಾಳೆ ಬೆಳಿಗ್ಗೆ ಅರಳುವ ಮೊಗ್ಗು ಯಾವುದೆಂದು ಅಲ್ಲಿ ದುಡಿಯುವ ಹೆಣ್ಣುಮಗಳ ಕಣ್ಣಿಗೆ ಇವತ್ತೇ ಗೊತ್ತು: ತುದಿ ಬೆಳ್ಳಗೆ ಉಬ್ಬಿರುತ್ತದೆ, ದಳ ಇನ್ನೂ ಬಿಚ್ಚಿರುವುದಿಲ್ಲ. ಚಿಮಟದ ತುದಿಯಿಂದ ದಳ ಬಿಡಿಸಿ, ಪರಾಗದ ಚೀಲ ಒಡೆಯುವ ಮುನ್ನ ಅವನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾಳೆ. ನಡುವಿನ ಸಣ್ಣ ಕಡ್ಡಿಗೆ ಪೆಟ್ಟಾದರೆ ಆ ಹೂವು ಕೈಬಿಟ್ಟಂತೆ. ಮರುದಿನ ಬೆಳಿಗ್ಗೆ ಗಂಡು ಗಿಡದ ಪರಾಗ ತಂದು ಅದರ ತಲೆಗೆ ಮುಟ್ಟಿಸಬೇಕು, ಗುರುತು ಮಾಡಬೇಕು. ಗಂಡು ನಪುಂಸಕ ತಳಿ ಬಳಸುವಲ್ಲಿ ಚಿಮಟದ ಕೆಲಸ ತಪ್ಪುತ್ತದೆ, ಪರಾಗ ಮುಟ್ಟಿಸುವುದು ಮಾತ್ರ ತಪ್ಪುವುದಿಲ್ಲ. ಸಾಕಷ್ಟು ಕಾಯಿ ಕಚ್ಚಿತೆಂದರೆ ಮುಂದಿನ ಮೊಗ್ಗುಗಳನ್ನು ಚಿವುಟುತ್ತಾರೆ, ಕ್ರಾಸ್ ಆಗದ ಕಾಯಿಯನ್ನು ಕಿತ್ತೆಸೆಯುತ್ತಾರೆ. ಗಿಡದ ಗಾತ್ರವನ್ನು ಇಲ್ಲಿ ಮನುಷ್ಯರೇ ನಿರ್ಧರಿಸುತ್ತಾರೆ. ಹೀಗೆ ತಯಾರಾದ 10 ಗ್ರಾಂ ಪೊಟ್ಟಣದಲ್ಲಿ ಒಂದೂವರೆ ಸಾವಿರಕ್ಕೂ ಮಿಕ್ಕಿ ಬೀಜ. ಪೊಟ್ಟಣದ ಮೇಲೆ ಕಂಪನಿಯ ಹೆಸರಿರುತ್ತದೆ. ಊರಿನ ಹೆಸರಾಗಲಿ, ಆ ಕೈಗಳ ಸುದ್ದಿಯಾಗಲಿ ಇರುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಗಂಗಾವತಿಯಲ್ಲಿ ಗಿಡ ಕುಗ್ಗಿದ್ದರೆ ನೆಲವನ್ನು ಅನುಮಾನಿಸಬೇಕು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಎಡದಂಡೆ ಕಾಲುವೆಯ ನೀರು ಭತ್ತದ ಗದ್ದೆಗಳನ್ನು ತಂದಿತು, ತಗ್ಗಿನ ಕಡೆ ಜವಳು, ಸವಳನ್ನೂ ತಂದಿತು. ಸವಳು ಮಣ್ಣಿನ ಮೇಲೆ ಅಲ್ಲಿನ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಮಣ್ಣಿನ ಲವಣಾಂಶ ಪ್ರತಿ ಮೀಟರಿಗೆ 3 ಡೆಸಿಸೀಮೆನ್ಸ್ ಆಗುವವರೆಗೂ ಭತ್ತ ತಾಳಿಕೊಳ್ಳುತ್ತದೆ. ಮೆಣಸಿನ ಗಿಡಕ್ಕೆ 1.5 ದಾಟಿದರೆ ಸಾಕು, ಸೊರಗತೊಡಗುತ್ತದೆ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ತಲೆ ಬಾಗಿಸುತ್ತದೆ. ಏರುಮಡಿ ಮಾಡದೆ ಗದ್ದೆ ಬಯಲಿನಲ್ಲಿ ಮೆಣಸಿನಕಾಯಿಗೆ ಕೈ ಹಾಕುವುದು ಜೂಜು.

ಗಿಡ ಕುಗ್ಗಲು ಇನ್ನೊಂದು ಕಾರಣ ಮುಟುರು ರೋಗ. ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡಿದರೆ ಥ್ರಿಪ್ಸ್ ಕೀಟ ಕಾರಣ, ಕೆಳಮುಖವಾಗಿ ಮಡಚಿದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ ಬೇರೆ. 2021ರಲ್ಲಿ ಆಂಧ್ರ, ತೆಲಂಗಾಣ, ನಮ್ಮ ಬಳ್ಳಾರಿ, ರಾಯಚೂರು ಕಡೆ ಬಂದ ಕಪ್ಪು ಥ್ರಿಪ್ಸ್ ಮಾತ್ರ ಬೇರೆಯದೇ ಆಟ ತೋರಿಸಿತು. ಅದು ಹೆಚ್ಚಾಗಿ ಸೇರಿಕೊಂಡದ್ದು ಹೂವಿನೊಳಗೆ. ಹೂವು ಉದುರಿತು, ಕಾಯಿ ಕಚ್ಚಲಿಲ್ಲ. ಹಸಿರಾಗಿ ನಿಂತ ಗಿಡವನ್ನೇ ರೈತರು ಕಿತ್ತು ಹಾಕಿದರು.

ಇನ್ನು ಕೊಪ್ಪಳ ಪಟ್ಟಣಕ್ಕೆ ಬೇಕಾದದ್ದು ಹಸಿಗಾಯಿ. ಒಗ್ಗರಣಿ-ಮಿರ್ಚಿ ಇಲ್ಲದೆ ಬೆಳಗಾಗದ ಊರು ಇದು. ಗವಿಮಠದ ಜಾತ್ರೆಯ ದಾಸೋಹದಲ್ಲೂ ಮಿರ್ಚಿ ಬಜ್ಜಿಗೆ ಪಾಲುಂಟು. ಹಸಿಗಾಯಿ ಕೀಳುತ್ತ ಹೋದಷ್ಟೂ ಗಿಡ ಮತ್ತೆ ಕವಲೊಡೆದು ಹೂ ಬಿಡುತ್ತದೆ. ಕಾಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟರೆ ಹೊಸ ಚಿಗುರು ನಿಧಾನವಾಗುತ್ತದೆ. ಹಿತ್ತಲಲ್ಲಿ ಒಂದು ಗಿಡ ಇಟ್ಟವರಿಗೂ ಇದೇ ಲೆಕ್ಕ. ಏಪ್ರಿಲ್-ಮೇ ಬಿಸಿಲು 35 ಡಿಗ್ರಿ ದಾಟಿದಾಗ ಹೂವು ಉದುರಿದರೆ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ, ಔಷಧ ಹೊಡೆಯಬೇಡಿ. ಸಂಜೆ ಬುಡಕ್ಕೆ ನೀರು ಕೊಟ್ಟು, ಮಧ್ಯಾಹ್ನ ಸ್ವಲ್ಪ ನೆರಳು ಮಾಡಿ. ಮುಂಗಾರು ಮಳೆ ಬಿದ್ದು ರಾತ್ರಿ ತಂಪಾದ ಮೇಲೆ ಅದೇ ಗಿಡ ತಾನಾಗಿ ಕಾಯಿ ಹಿಡಿಯುತ್ತದೆ.